ಮದಾಮರ ಓಟು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾವು ಆ ಫ್ರೆಂಚ್ ಹೆಸರನ್ನು ಓದುವ ರೀತಿಗೆ ಅವರ ಎಡಹುಬ್ಬು ಮೇಲೇರುತ್ತದೆ, ಬದುಕಿದ್ದಾಗ ಏರುತ್ತಿತ್ತು. ಲಿಫ್ಟಿನಲ್ಲಿ ಯಾರಾದರೂ ತಪ್ಪಾಗಿ ಕರೆದರೆ ಅವರು ತಿದ್ದುತ್ತಿರಲಿಲ್ಲ. ಹುಬ್ಬು ಏರಿಸಿ, ಕೈಕುಲುಕಿ, ತಮ್ಮ ಮಹಡಿ ಬಂದಾಗ ಇಳಿದು ಹೋಗುತ್ತಿದ್ದರು. ಹಾಗಾಗಿ ದೋಹಾದ ಅಲ್ ಸದ್ದಿನ ನಮ್ಮ ಕಟ್ಟಡವಿಡೀ ಅವರನ್ನು ಮದಾಂ ಎಂದೇ ಕರೆಯಿತು. ಕೆಳಗೆ ಕಿರಾಣಿ ಅಂಗಡಿ ಇಟ್ಟಿದ್ದ ಉಪ್ಪಿನಂಗಡಿಯ ಇಬ್ರಾಯಿಚ್ಚ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, "ಮದಾಂ ಅಮ್ಮ" ಎನ್ನುತ್ತಿದ್ದರು. ಅದಕ್ಕೆ ಹುಬ್ಬು ಏರಿದ್ದನ್ನು ನಾನು ನೋಡಲಿಲ್ಲ.

ನಾವು ಆ ಮನೆಗೆ ಬಂದ ಮೊದಲ ವಾರ. ಏಷ್ಯನ್ ಗೇಮ್ಸ್‌ಗೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ಕಾಲ ಅದು. ಧೂಳು ಮೂರನೆಯ ಮಹಡಿಗೂ ಏರಿ ಬಾಗಿಲ ಸಂದಿನಲ್ಲಿ ನುಸುಳುತ್ತಿತ್ತು. ಮಗಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಮೇಲೆ ಬಂದರೆ, ನರೆಗೂದಲನ್ನು ಗಿಡ್ಡಗೆ ಕತ್ತರಿಸಿಕೊಂಡು ಗಂಡಸರ ಅಂಗಿ ತೊಟ್ಟಿದ್ದ ಹೆಂಗಸೊಬ್ಬರು ನಮ್ಮಿಬ್ಬರ ಬಾಗಿಲುಗಳ ನಡುವಿನ ಜಾಗವನ್ನು ಗುಡಿಸುತ್ತಿದ್ದಾರೆ. ಗುಡಿಸಿದ್ದು ಸರಿಯಾಗಿ ಅರ್ಧ. ಅವರ ಬಾಗಿಲಿನಿಂದ ನಡುವಿನವರೆಗೆ ನೆಲ ಫಳಫಳ; ಅಲ್ಲಿಂದ ನನ್ನ ಬಾಗಿಲಿನವರೆಗೆ ಧೂಳು ಹಾಗೇ ಇತ್ತು. ಮುಖಕ್ಕೆ ಹೊಡೆದ ಹಾಗಾಯಿತು ನನಗೆ. ಮರುದಿನ ಅವರು ಹೊರಗೆ ಬರುವ ಮೊದಲೇ ನನ್ನ ಅರ್ಧವನ್ನು ಗುಡಿಸಿ, ಸಿಟ್ಟಿಗೆ ಅವರ ಕಡೆಯದನ್ನೂ ಒಂದು ಗೇಣು ಗುಡಿಸಿಟ್ಟೆ. ಅಷ್ಟರಲ್ಲಿ ಅವರ ಬಾಗಿಲು ತೆರೆಯಿತು. ನೆಲ ನೋಡಿದರು, ನನ್ನನ್ನು ನೋಡಿದರು.

"ನೀವು ಗಡಿ ದಾಟಿದ್ದೀರಿ," ಎಂದರು ಇಂಗ್ಲಿಷಿನಲ್ಲಿ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ನಮ್ಮೂರಲ್ಲಿ ಎಲ್ಲರೂ ರಸ್ತೆಯ ಮಧ್ಯದವರೆಗೆ ಗುಡಿಸುತ್ತಾರೆ. ಮಧ್ಯ ಎಲ್ಲಿ ಅನ್ನುವುದಕ್ಕೆ ಮಾತ್ರ ಜಗಳ. ಅದು ನೂರು ವರ್ಷದಿಂದ ನಡೆದಿದೆ."

ಗುಡಿಸುವುದಕ್ಕೆ ಕಟ್ಟಡದಲ್ಲಿ ಬೇರೆ ಆಳಿದ್ದ. ಆದರೂ ಅವರು ದೋಹಾ ಬಿಡುವ ದಿನದವರೆಗೂ ನಾವಿಬ್ಬರೂ ನಮ್ಮ ನಮ್ಮ ಅರ್ಧವನ್ನು ಗುಡಿಸಿದೆವು.

ಅವರ ಗಂಡ ಗ್ಯಾಸ್ ಕಂಪನಿಯೊಂದರಲ್ಲಿ ಇಂಜಿನಿಯರ್, ದೊಡ್ಡ ಪಟ್ಟಣದಲ್ಲಿ ಹುಟ್ಟಿ ಬೆಳೆದವರು. ಮಾತು ಕಡಿಮೆ. ಮಕ್ಕಳಿರಲಿಲ್ಲ. ಮದಾಮರಿಗೆ ಅರವತ್ತರ ಹತ್ತಿರ. ಅವರ ಇಂಗ್ಲಿಷ್ ಕುಂಟುತ್ತಿತ್ತು, ನನ್ನ ಫ್ರೆಂಚ್ ತೆವಳುತ್ತಿತ್ತು. ಮಂಗಳೂರಿನ ಕಾಲೇಜಿನಲ್ಲಿ ನಾನು ಹಿಂದಿ ಬಿಟ್ಟು ಫ್ರೆಂಚ್ ತೆಗೆದುಕೊಂಡದ್ದು ಅಂಕ ಜಾಸ್ತಿ ಬೀಳುತ್ತದೆ ಎನ್ನುವ ಒಂದೇ ಆಸೆಗೆ. ಅಂಕವೇನೋ ಬಿತ್ತು, ಭಾಷೆ ಪರೀಕ್ಷೆಯ ಮರುದಿನವೇ ಅರ್ಧ ಹಾರಿಹೋಯಿತು. ಉಳಿದ ಅರ್ಧವನ್ನು ಮದಾಂ ಹಿಡಿದು ನಿಲ್ಲಿಸಿದರು. ಅವರ ಮಾತುಗಳನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ಗಡಸು ಅಷ್ಟೂ ಬಂದಿರಲಾರದು.

"ಫ್ರಾನ್ಸ್ ಅಂದರೆ ಪ್ಯಾರಿಸ್ಸಾ?" ಎಂದು ಕೇಳಿದವರಿಗೆ ಉತ್ತರ ಸಿಗುತ್ತಿರಲಿಲ್ಲ. ನಾನೂ ಒಂದು ಸಲ ಕೇಳಿದ್ದೆ. ಅವರು ತಿರುಗಿ, "ಇಂಡಿಯಾ ಅಂದರೆ ಡೆಲ್ಲಿಯಾ?" ಎಂದರು. ಅಲ್ಲಪ್ಪ, ನಮ್ಮದು ಸಮುದ್ರದ ಬದಿಯ ಜಿಲ್ಲೆ, ಮಂಗಳೂರಿನಿಂದಲೂ ಒಳಗೆ ಬಸ್ಸಲ್ಲಿ ಹೋಗಬೇಕು ಎಂದೆ. "ಹಾಗಾದರೆ ಕೂತುಕೊಳ್ಳಿ. ನಿಮಗೆ ಹೇಳಿದರೆ ಅರ್ಥವಾಗುತ್ತದೆ," ಎಂದು ನಮ್ಮ ಊಟದ ಮೇಜಿನ ಮೇಲೆ ಅವರ ಊರು ಕಟ್ಟಿದರು. ಉಪ್ಪಿನ ಡಬ್ಬಿ ಒಂದು ಊರು, ಅರ್ಧ ಲಿಂಬೆಹುಳಿ ಇನ್ನೊಂದು, ಸ್ಟೀಲಿನ ಲೋಟ ಮೂರನೆಯದು. ಲಿಂಬೆಗೂ ಲೋಟಕ್ಕೂ ನಡುವೆ ಮಗಳ ಶಾಲೆಯ ರಿಬ್ಬನ್ ಇಟ್ಟರು. ಅದು ಹೊಳೆ.

ಆ ಊರುಗಳ ಹೆಸರು ನಮ್ಮ ಲಿಪಿಗೆ ಒಗ್ಗುವುದಿಲ್ಲ. ಮನೆಯಲ್ಲಿ ನಾವು ಇಟ್ಟುಕೊಂಡ ಹೆಸರುಗಳನ್ನೇ ಹೇಳುತ್ತೇನೆ: ಗುಡ್ಡದೂರು, ಸೇತುವೆಯೂರು, ಬಾವಿಯೂರು. ಮದಾಮರದು ಬಾವಿಯೂರು, ಮೇಜಿನ ಮೇಲಿನ ಲಿಂಬೆಹುಳಿ. ಮೂರಕ್ಕೂ ಬೇರೆ ಬೇರೆ ಪಂಚಾಯಿತಿ ಇತ್ತು, ಮೂವರು ಮೇಯರ್‌ಗಳಿದ್ದರು. ನಮ್ಮ ಪಂಚಾಯತ್ ಅಧ್ಯಕ್ಷರಂತೆ, ಆದರೆ ಅಲ್ಲಿ ಮದುವೆ ಮಾಡಿಸುವವರೂ ಅವರೇ, ಹುಟ್ಟು ಸಾವು ಬರೆದುಕೊಳ್ಳುವವರೂ ಅವರೇ. ಎಪ್ಪತ್ತರ ದಶಕದಲ್ಲಿ ಸರಕಾರ, ಇಷ್ಟು ಸಣ್ಣ ಊರುಗಳಿಗೆ ಇಷ್ಟು ಆಫೀಸು ಯಾಕೆ, ಸೇರಿಕೊಳ್ಳಿ, ಸೇರಿದರೆ ರಸ್ತೆ ಕೊಡುತ್ತೇವೆ, ಪೈಪಿನ ನೀರು ಕೊಡುತ್ತೇವೆ ಎಂದಿತು. ಮೂರು ಊರುಗಳು ಒಂದಾದವು. ಮೂರು ಹೆಸರುಗಳನ್ನೂ ಗೀಟು ಹಾಕಿ ಜೋಡಿಸಿದ ಒಂದು ಉದ್ದ ಹೆಸರು ಬಂತು. ಅದನ್ನು ಲಕೋಟೆಯ ಒಂದು ಸಾಲಿನಲ್ಲಿ ಬರೆಯಲು ನನ್ನ ಕೈಯಲ್ಲಿ ಕೊನೆಗೂ ಆಗಲಿಲ್ಲ. ಬಾವಿಯೂರಿನ ಪರವಾಗಿ ಸಹಿ ಹಾಕಿದ ಮೇಯರ್ ಮದಾಮರ ಅಪ್ಪ.

"ನಾನು ಆರು ತಿಂಗಳು ಅಪ್ಪನ ಹತ್ತಿರ ಮಾತು ಬಿಟ್ಟಿದ್ದೆ," ಎಂದರು. "ನನಗೆ ಇಪ್ಪತ್ತೇಳು. ಮದುವೆಯಾಗಿತ್ತು. ಆದರೂ ಮಾತು ಬಿಟ್ಟೆ."

ಆ ಅಪ್ಪ ಸಹಿ ಹಾಕುವ ಮೊದಲು ಒಂದು ಮಾತು ಬರೆಸಿಕೊಂಡಿದ್ದರಂತೆ. ದೊಡ್ಡ ಆಫೀಸು ಸೇತುವೆಯೂರಿಗೆ ಹೋಗಲಿ, ಆದರೆ ಬಾವಿಯೂರಿನ ಹಳೆಯ ಕೋಣೆಯ ಬಾಗಿಲು ವಾರಕ್ಕೆರಡು ದಿನ ತೆರೆದಿರಬೇಕು. ಅಲ್ಲಿ ಒಬ್ಬ ಉಪಮೇಯರ್ ಕೂತಿರಬೇಕು. ಬಾವಿಯೂರಿನವರ ಮದುವೆ, ಹುಟ್ಟು, ಸಾವು ಬಾವಿಯೂರಿನ ಪುಸ್ತಕದಲ್ಲೇ ಬರೆಯಬೇಕು. ಮದಾಮರ ಅಪ್ಪ ಅಮ್ಮ ಇಬ್ಬರ ಸಾವೂ ಆ ಪುಸ್ತಕದಲ್ಲಿದೆ. "ನನ್ನದೂ ಅದರಲ್ಲೇ ಬರೆಯಬೇಕು. ಮುದುಕಿಯಾದ ಮೇಲೆ ಊರಿಗೆ ಹೋಗುವುದು ಅದಕ್ಕೇ," ಎಂದು, ಸಂತೆಗೆ ಹೋಗಿ ಬರುವ ಸ್ವರದಲ್ಲಿ ಹೇಳಿದರು. ಹೇಳಿ, ಅವರ ಊರನ್ನು ಎತ್ತಿ ಮೀನಿನ ಮೇಲೆ ಹಿಂಡಿಕೊಂಡರು.

ಆ ಮೂರೂರ ಕತೆಗಳನ್ನು ಕೇಳುವುದೆಂದರೆ ನನಗೆ ಬೆಳಗಿನ ಎರಡನೆಯ ಚಹಾದಷ್ಟೇ ಅಗತ್ಯವಾಯಿತು. ಮೂರು ಊರಿನಲ್ಲೂ ಚರ್ಚಿನ ಎದುರು ಒಂದೊಂದು ಇಗರ್ಜಿ ರಸ್ತೆ ಇತ್ತಂತೆ. ಒಂದೇ ಆಡಳಿತವಾದ ಮೇಲೆ ಟಪಾಲಿನವನಿಗೆ ಗೊಂದಲವಾಗಿ, ಎರಡರ ಹೆಸರು ಬದಲಾಯಿಸಬೇಕು ಎಂದಾಯಿತು. ಸೇತುವೆಯೂರಿನವರು ತಮ್ಮದನ್ನು ಬಿಡಲಿಲ್ಲ. ಬಾವಿಯೂರಿನದು "ಹಳೆಯ ಇಗರ್ಜಿ ರಸ್ತೆ" ಆಯಿತು. "ಹಳೆಯದು! ಅವರ ಇಗರ್ಜಿಗಿಂತ ನಮ್ಮದು ಎಂಬತ್ತು ವರ್ಷ ಚಿಕ್ಕದು!" ಎಂದು ಮೂವತ್ತು ವರ್ಷದ ಮೇಲೂ ಮದಾಮರ ಕಿವಿ ಕೆಂಪಾಗುತ್ತಿತ್ತು. ಶಾಲೆಯನ್ನೂ ಹಂಚಿಕೊಂಡರಂತೆ: ಚಿಕ್ಕ ಮಕ್ಕಳು ಗುಡ್ಡದೂರಿಗೆ, ನಡುವಿನವರು ಬಾವಿಯೂರಿಗೆ, ದೊಡ್ಡವರು ಸೇತುವೆಯೂರಿಗೆ. ಒಂದೇ ಮನೆಯ ಮೂರು ಮಕ್ಕಳು ಬೆಳಿಗ್ಗೆ ಒಂದೇ ಬಸ್ಸು ಹತ್ತಿ ಮೂರೂರಲ್ಲಿ ಇಳಿಯುತ್ತಿದ್ದರು.

ನಾನೂ ಬಿಡಲಿಲ್ಲ. ನಮ್ಮೂರ ಬದಿಯ ಮೂರು ಗ್ರಾಮಗಳನ್ನು ಒಂದು ಪಂಚಾಯತಿಗೆ ಸೇರಿಸಿದಾಗ, ಆಫೀಸು ಯಾವ ಗ್ರಾಮದಲ್ಲಿ ಎಂಬ ಜಗಳ ಹರಿಯದೆ, ಕೊನೆಗೆ ಮೂರೂ ಕೂಡುವ ಬೋಳು ಕಲ್ಲಿನ ಪಾರೆಯ ಮೇಲೆ ಕಟ್ಟಿದ್ದನ್ನು ಹೇಳಿದೆ. ಅಲ್ಲಿಗೆ ಬಸ್ಸೂ ಇಲ್ಲ, ಕುಡಿಯುವ ನೀರೂ ಇಲ್ಲ. ಯಾರಿಗೂ ಅನುಕೂಲವಾಗಲಿಲ್ಲ, ಹಾಗಾಗಿ ಯಾರಿಗೂ ಬೇಸರವಾಗಲಿಲ್ಲ. ಮದಾಂ ಅದನ್ನು ಗಂಡನಿಗೆ ಹೇಳಲು ಆಗಲೇ ಎದ್ದು ಹೋದರು. ಆ ಬಾಗಿಲಿನಿಂದ ಅವರ ನಗು ಕೇಳಿತು, ಗಂಡನದು ಕೇಳಲಿಲ್ಲ.

ಒಂದು ಶುಕ್ರವಾರ ನಮ್ಮ ಕಾರಿನಲ್ಲಿ ಅವರನ್ನೂ ಕೂರಿಸಿಕೊಂಡು ಉಮ್ಮ್ ಸಲಾಲ್ ಕಡೆ ಹೋಗಿದ್ದೆವು. ಅಲ್ಲಿ ಉಮ್ಮ್ ಸಲಾಲ್ ಅಲಿ ಎಂದು ಒಂದು, ಉಮ್ಮ್ ಸಲಾಲ್ ಮೊಹಮ್ಮದ್ ಎಂದು ಇನ್ನೊಂದು, ಎರಡಕ್ಕೂ ಒಂದೇ ಪುರಸಭೆ ಎಂದು ನನ್ನ ಗಂಡ ಸುಮ್ಮನೆ ಹೇಳಿದರು. ಮದಾಂ ನೆಟ್ಟಗೆ ಕೂತರು. ಜ್ಯೂಸ್ ಅಂಗಡಿಯ ಮುಂದೆ ಕೂತಿದ್ದ ಬಿಳಿಗಡ್ಡದ ಕತಾರಿ ಅಜ್ಜನ ಹತ್ತಿರ ನೇರ ಹೋಗಿ, ಕೈ ಎದೆಗಿಟ್ಟು ನಮಸ್ಕರಿಸಿ, "ಆಫೀಸು ಎಲ್ಲಿದೆ? ಅಲಿಯವರಲ್ಲೋ ಮೊಹಮ್ಮದರಲ್ಲೋ?" ಎಂದು ಕೇಳಿದರು. ಜ್ಯೂಸ್ ಮಾಡುವ ಮಲಯಾಳಿ ಅದನ್ನು ಅರಬ್ಬಿಗೆ ತಿರುಗಿಸಿದ. ಅಜ್ಜ ಬಹಳ ಹೊತ್ತು ಏನೇನೋ ಹೇಳಿದರು, ಎರಡು ಸಲ ಬೆರಳೆತ್ತಿ ತೋರಿಸಿದರು. ಮಲಯಾಳಿ ತಲೆ ಕೆರೆದುಕೊಂಡು, "ಅವರು ಮಾಫಿ ಮುಷ್ಕಿಲ್ ಅಂತಾರೆ, ಏನೂ ತೊಂದರೆ ಇಲ್ಲವಂತೆ," ಎಂದ. ಮದಾಂ ನನ್ನ ಕಿವಿಯಲ್ಲಿ, "ತೊಂದರೆ ಇದೆ," ಎಂದರು.

ಆ ವರ್ಷದ ಚಳಿಗಾಲದಲ್ಲಿ ಅವರ ಅಣ್ಣ ತೀರಿಕೊಂಡರು. ಊರಿಗೆ ಹೋಗಿ ಹತ್ತು ದಿನ ಇದ್ದು ಬಂದರು. ಬಂದವರು ಮೊದಲು ಹೇಳಿದ್ದು ಸಾವಿನ ವಿಷಯವಲ್ಲ, ಓಟಿನ ವಿಷಯ. ಬಾವಿಯೂರು, ಗುಡ್ಡದೂರುಗಳ ಸಣ್ಣ ಕೋಣೆಗಳನ್ನು ಮುಚ್ಚಿ, ಉಪಮೇಯರ್ ಹುದ್ದೆಯನ್ನು ತೆಗೆದು, ಎಲ್ಲ ಪುಸ್ತಕಗಳನ್ನೂ ಸೇತುವೆಯೂರಿಗೆ ಒಯ್ಯಬೇಕೆಂದು ಹೊಸ ಆಡಳಿತ ಹೊರಟಿದೆ. ಏಪ್ರಿಲಿನಲ್ಲಿ ಮೂರೂರ ಜನ ಓಟು ಹಾಕಿ ನಿರ್ಧರಿಸಬೇಕು. ಗುಡ್ಡ ಮತ್ತು ಬಾವಿ ಸೇರಿದರೆ ಸೇತುವೆಗೆ ಸರಿಸಮ. ಒಂದೊಂದು ಓಟೂ ಲೆಕ್ಕಕ್ಕುಂಟು.

ಹೊರದೇಶದಲ್ಲಿದ್ದವರು ಊರಿನ ಇನ್ನೊಬ್ಬ ಮತದಾರರಿಗೆ ತಮ್ಮ ಓಟು ಹಾಕುವ ಅಧಿಕಾರ ಬರೆದುಕೊಡಬಹುದು. ಇಲ್ಲಿನ ಅವರ ರಾಯಭಾರ ಕಚೇರಿಯಲ್ಲಿ ಸಹಿ ಮಾಡಿದರೆ ಸಾಕು. ಅಷ್ಟು ವರ್ಷ ಮದಾಮರ ಓಟು ಹಾಕುತ್ತಿದ್ದವರು ಅವರ ಅಣ್ಣ. ಈಗ ಅಣ್ಣನಿಲ್ಲ. ಬಾವಿಯೂರಿನಲ್ಲಿ ಉಳಿದವರು ಕೆಲವೇ ಮುದುಕರು; ಒಬ್ಬರು ಇಷ್ಟೇ ಜನರ ಓಟು ಹಾಕಬಹುದು ಎಂಬ ನಿಯಮವಿದೆ, ಅವರ ಕೈಗಳೂ ಗುಡ್ಡದೂರಿನ ಪರಿಚಯದವರ ಕೈಗಳೂ ಬೇರೆಯವರ ಓಟುಗಳಿಂದ ತುಂಬಿದ್ದವು. ಮದಾಮರಿಗೆ ಉಳಿದದ್ದು ಒಬ್ಬನೇ. ಅವನು ಸೇತುವೆಯೂರಿನವನು. ಟ್ರಾಕ್ಟರ್ ರಿಪೇರಿ ಮಾಡುವವನು. ಎಂಟನೆಯ ವಯಸ್ಸಿನಲ್ಲಿ ಇವರ ಉಣ್ಣೆಯ ಟೋಪಿಯನ್ನು ಹೊಳೆಗೆಸೆದವನು. ಮೂರೂರು ಸೇರುವಾಗ ಸೇತುವೆಯೂರಿನ ಮೇಯರ್ ಆಗಿದ್ದವನ ಮಗ. ಕೋಣೆ ಮುಚ್ಚಬೇಕು ಎಂದು ಎಲ್ಲರೆದುರು ಹೇಳುತ್ತಿದ್ದವನು.

"ಅವನಿಗಾ?" ಎಂದೆ.

"ಅವನಿಗೆ ಯಾರೂ ಕೊಟ್ಟಿಲ್ಲ. ಕೈ ಖಾಲಿ ಇದೆ," ಎಂದರು ಮದಾಂ.

ಅದೇ ವಾರ, ಕಟ್ಟಡದ ಮುಂದಿನ ಅಗೆದ ಮೋರಿ ದಾಟಲು ಹೋಗಿ ಬಿದ್ದು ಬಲಗೈ ಮುರಿದುಕೊಂಡರು. ರಾಯಭಾರ ಕಚೇರಿಯಲ್ಲಿ ಪ್ಲಾಸ್ಟರಿನ ಹೊರಗೆ ಉಳಿದ ಬೆರಳ ತುದಿಯಿಂದ ಹೇಗೋ ಸಹಿ ಮಾಡಿ ಬಂದರು. ಆದರೆ ಅವನಿಗೊಂದು ಕಾಗದ ಬರೆಯಬೇಕಿತ್ತು. ನನ್ನನ್ನು ಕರೆದರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ಬೆರಳು ನೋಯುವವರೆಗೆ ತಿದ್ದಿಸಿದ ಅಕ್ಷರ ನನ್ನದು. ಮದಾಂ ಅದನ್ನು ನೋಡಿ, "ಇದು ನನ್ನ ಅಜ್ಜಿಯ ಅಕ್ಷರ," ಎಂದಿದ್ದರು ಒಮ್ಮೆ.

ಅವರು ಹೇಳಿದ ಹಾಗೆ ಬರೆದೆ. ಮೂರೇ ಸಾಲು. "ಮಾನ್ಯರೇ, ಅಣ್ಣ ಹೋದನೆಂದು ನಿಮಗೆ ತಿಳಿದಿದೆ. ನನ್ನ ಓಟನ್ನು ನಿಮಗೆ ಕೊಟ್ಟಿದ್ದೇನೆ. ನಿಮ್ಮ ಹೆಂಡತಿಯ ಮಂಡಿನೋವು ಹೇಗಿದೆ?"

ನಾನು ಪೆನ್ನು ಎತ್ತಿ ಕಾದೆ. "ಆಯಿತು," ಎಂದರು.

"ಯಾವ ಕಡೆಗೆ ಹಾಕಬೇಕು ಅಂತ ಬರೆಯಲೇ ಇಲ್ಲ?"

"ಅವನಿಗೆ ಗೊತ್ತು."

"ಗೊತ್ತಿದ್ದೂ ಅವನ ಕಡೆಗೇ ಹಾಕಿದರೆ?"

"ಪರದೆಯ ಒಳಗೆ ಅವನೊಬ್ಬನೇ. ನಾನು ಬರೆದರೂ ಅಷ್ಟೇ, ಬರೆಯದಿದ್ದರೂ ಅಷ್ಟೇ. ಬರೆದರೆ ಅವನಿಗೆ ಅವಮಾನ."

ಎಷ್ಟು ಯೋಚಿಸಿದರೂ ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮಲ್ಲಿ ಯಾರಿಗಾದರೂ ಒಂದು ಕೆಲಸ ಹೇಳುವುದೆಂದರೆ ಬರಿಗೈಯಲ್ಲಿ ಹೇಳುತ್ತೇವೆಯೇ? ಅಮ್ಮ ತಾಲೂಕು ಕಚೇರಿಗೆ ಹೋಗುವಾಗಲೂ ಒಂದು ಗೊನೆ ಕದಳಿ ಬಾಳೆಹಣ್ಣು ಒಯ್ಯುತ್ತಿದ್ದರು. ಲಂಚವಲ್ಲ ಅದು, ಮರ್ಯಾದೆ. ಸಿಸ್ಟರುಗಳೂ ಬೇರೆ ರೀತಿಯಲ್ಲಿ ಅದನ್ನೇ ಕಲಿಸಿದ್ದರು: ಉಪಕಾರ ಮಾಡಿದವರಿಗೆ ಕಾರ್ಡು ಬರೆಯಬೇಕು. ನನಗೆ ಲಕೋಟೆಯ ವಿಳಾಸ ಬಾಯಿಪಾಠವಾಗಿತ್ತು. ದೋಹಾ ಅಲ್ ಜದೀದಾದ ಅಂಗಡಿಯಿಂದ ಒಳ್ಳೆಯ ಖರ್ಜೂರದ ಪೆಟ್ಟಿಗೆ ತಂದೆ. ಕಾರ್ಡಿನಲ್ಲಿ ನನಗೆ ಬರುವ ಫ್ರೆಂಚಿನಲ್ಲಿ ಬರೆದೆ: ನಾನು ಮದಾಮರ ನೆರೆಮನೆಯವಳು, ಅವರು ತಮ್ಮ ಊರಿನ ಕೋಣೆಯನ್ನು ಬಹಳ ಪ್ರೀತಿಸುತ್ತಾರೆ, ದಯವಿಟ್ಟು ನೆನಪಿಡಿ. ಕೊನೆಗೆ, ನಾವು ಶಾಲೆಯಲ್ಲಿ ಪ್ರತಿ ಅರ್ಜಿಯ ಅಡಿಯಲ್ಲೂ ಬರೆಯುತ್ತಿದ್ದಂತೆ, ಮುಂಗಡವಾಗಿ ವಂದನೆಗಳು.

ಇಬ್ರಾಯಿಚ್ಚ ಪೆಟ್ಟಿಗೆಗೆ ಟೇಪು ಸುತ್ತಿಕೊಟ್ಟರು. "ಎಲ್ಲಿಗೆ ಅಕ್ಕ, ಊರಿಗಾ?"

"ಫ್ರಾನ್ಸಿಗೆ. ಒಬ್ಬರು ಓಟು ಹಾಕ್ಲಿಕ್ಕುಂಟು."

"ಓಟಿಗಾ?" ಅವರು ಟೇಪು ಕಡಿಯುವುದನ್ನು ನಿಲ್ಲಿಸಿದರು. "ಅಲ್ಲಿಯೂ ಹಾಗೆಯಾ? ಅಲ್ಲಾ, ನಾನು ಅವರೆಲ್ಲ ಡೀಸೆಂಟ್ ಅಂತ ತಿಳ್ಕೊಂಡಿದ್ದೆ."

"ಹಾಗಲ್ಲ ಮಾರಾಯ್ರೆ, ಇದು ಮರ್ಯಾದೆಗೆ."

"ನಮ್ಮಲ್ಲಿಯೂ ಮರ್ಯಾದೆಗೇ ಕೊಡುವುದಲ್ವಾ ಅಕ್ಕ," ಎಂದರು. "ಖಲಾಸ್, ಆಯ್ತು. ಈಗ ಒಡೆಯುವುದಿಲ್ಲ."

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಶೂ ಬಿಚ್ಚುತ್ತಿದ್ದವರು ಒಂದು ಶೂ ಕೈಯಲ್ಲೇ ಹಿಡಿದುಕೊಂಡು ಕೂತರು. "ನೀನು ಎಂತ ಮಾಡಿದ್ದು ಗೊತ್ತುಂಟಾ? ಅವರು ಹೇಳಿದ್ರಾ ಕಳಿಸ್ಲಿಕ್ಕೆ?"

"ಇಲ್ಲ."

"ಮತ್ತೆಂತಕ್ಕೆ?"

"ಪಾಪ ಅಲ್ವಾ, ಅವರ ಊರು ಹೋಗ್ತದೆ."

"ಊರು ಹೋಗುವುದು ಅವರದ್ದು, ಓಟು ಅವರದ್ದು. ನಿಂದೆಂತ ಉಂಟು ಅದರಲ್ಲಿ? ಖರ್ಜೂರ ಮಾತ್ರ!"

ಓಟು ಒಂದು ಭಾನುವಾರ. ಸೋಮವಾರ ಬೆಳಿಗ್ಗೆ ಮದಾಂ ಗುಡಿಸಲು ಹೊರಗೆ ಬರಲಿಲ್ಲ. ನಾನು ನನ್ನ ಅರ್ಧ ಮುಗಿಸಿ, ನಿಂತು, ಮತ್ತೆ ಅದನ್ನೇ ಗುಡಿಸಿದೆ. ಹತ್ತು ಗಂಟೆಗೆ ಅವರು ಬಾಗಿಲು ತೆರೆದರು. ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡಿದ್ದರು.

"ಒಂದು," ಎಂದರು.

"ಏನು ಒಂದು?"

"ಒಂದು ಓಟಿನಿಂದ ಸೋತೆವು. ಬೇಕರಿಯವಳು ಫೋನ್ ಮಾಡಿದ್ದಳು. ಮೂರು ಸಲ ಎಣಿಸಿದರಂತೆ."

ಕೈಯಲ್ಲಿದ್ದ ಹಿಡಿಸೂಡಿ ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ. ಒಂದು ಓಟು. ಅವನು ಮದಾಮರ ಓಟನ್ನು ತನ್ನ ಕಡೆಗೆ ಹಾಕದೆ ಇವರ ಕಡೆಗೇ ಹಾಕಿದ್ದರೆ ಲೆಕ್ಕ ಹೀಗೆ ಬರುತ್ತಿತ್ತೇ? ಇಲ್ಲವೇ, ಅವನು ಇವರ ಕಡೆಗೆ ಹಾಕಿಯೂ ಹೀಗೆ ಬಂದಿರಬಹುದು. ಯಾರಿಗೆ ಗೊತ್ತು? ಗೊತ್ತಿರುವವನು ಪರದೆಯೊಳಗೆ ಹೋದವನೊಬ್ಬನೇ. ನನ್ನ ಕಾರ್ಡು ಓದಿ ಅವನಿಗೆ ಸಿಟ್ಟು ಬಂದಿದ್ದರೆ? ಹಾಕಬೇಕೆಂದಿದ್ದವನು ಆ "ಮುಂಗಡ ವಂದನೆ"ಯನ್ನು ನೋಡಿ ಕೈ ಹಿಂತೆಗೆದಿದ್ದರೆ?

ಮೂರನೆಯ ದಿನ ಹೋಗಿ ಎಲ್ಲ ಹೇಳಿದೆ. ಅಂಗಡಿ, ಪೆಟ್ಟಿಗೆ, ಕಾರ್ಡು, ಕೊನೆಯ ಸಾಲು. ಅವರು ಕಿತ್ತಳೆ ಸುಲಿಯುತ್ತಿದ್ದರು, ಎಡಗೈಯಲ್ಲಿ, ಕಷ್ಟಪಟ್ಟು. ಸುಲಿಯುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆಯೆಲ್ಲ ಬಂದ ಮೇಲೆ ಹೇಳಿದರು:

"ನಾನು ಅವನ ಕೈಗೆ ಮನೆಯ ಕೀಲಿ ಕೊಟ್ಟೆ. ನೀವು ಹಿಂದಿನಿಂದ, ದಯವಿಟ್ಟು ಕದಿಯಬೇಡಿ ಅಂತ ಚೀಟಿ ಕಳಿಸಿದಿರಿ."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅರ್ಧ ಕಿತ್ತಳೆ ನನ್ನ ಮುಂದೆ ತಳ್ಳಿದರು. ಅದನ್ನು ತಿನ್ನಬೇಕೋ ಬಿಡಬೇಕೋ ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ. ಎರಡು ವಾರ ನಮ್ಮ ನಡುವೆ ಮಾತಿರಲಿಲ್ಲ. ಗುಡಿಸುವುದು ನಡೆದಿತ್ತು, ಅವರು ಎಡಗೈಯಲ್ಲಿ, ನಾನು ತಲೆ ತಗ್ಗಿಸಿ. ನನ್ನ ಮಗಳು ಮಾತ್ರ ಎರಡೂ ಬಾಗಿಲಲ್ಲಿ ಓಡಾಡಿಕೊಂಡಿದ್ದಳು. ಒಂದು ಸಂಜೆ ಅಲ್ಲಿಂದ ಬಂದು, "ಅಮ್ಮಾ, ಮದಾಂ ಇಸ್ ಮೇಕಿಂಗ್ ಎ ಲಿಸ್ಟ್. ಆಲ್ ನೇಮ್ಸ್. ಟಿಕ್ ಹಾಕ್ತಾರೆ, ದೆನ್ ಕಾಟ್ ಹಾಕ್ತಾರೆ," ಎಂದಳು. ಮೂರೂರಲ್ಲಿ ಯಾರು ಯಾವ ಕಡೆಗೆ ಹಾಕಿರಬಹುದೆಂದು ಅವರು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದರು. ಕದಿಯುವವನಲ್ಲ ಎಂದು ನನಗೆ ಹೇಳಿದವರು ತಾವೇ ಕೂತು ಲೆಕ್ಕ ಹಾಕುತ್ತಿದ್ದಾರೆ ಎಂದು ತಿಳಿದಾಗ ನನಗೆ ಸಮಾಧಾನವಾಗಲಿಲ್ಲ.

ಆಮೇಲೆ ಅವನ ಕಾಗದ ಬಂತು. ಮದಾಂ ಅದನ್ನು ಹಿಡಿದುಕೊಂಡು ನಮ್ಮ ಮನೆಗೇ ಬಂದು, ಕೂತು, ಓದಿ ಹೇಳಿದರು. ಮಳೆಯಿತ್ತಂತೆ. ಅವನು ಬಾಗಿಲು ತೆರೆಯುವ ಹೊತ್ತಿಗೇ ಹೋಗಿದ್ದನಂತೆ. ಪರದೆಯೊಳಗೆ ಎರಡು ಸಲ ಹೋದನಂತೆ, ಮೊದಲು ಇವರದ್ದಕ್ಕೆ, ಆಮೇಲೆ ತನ್ನದಕ್ಕೆ. ಹೆಂಡತಿಯ ಮಂಡಿಗೆ ಆಪರೇಷನ್ ಆಗಬೇಕಂತೆ. ಕೊನೆಯಲ್ಲಿ: "ನಿಮ್ಮ ನೆರೆಯವರ ಪೆಟ್ಟಿಗೆ ಗುರುವಾರವೇ ಬಂದಿತ್ತು. ಸೋಮವಾರದವರೆಗೆ ಅದನ್ನು ಬಿಚ್ಚಲಿಲ್ಲ, ಕಾರ್ಡನ್ನೂ ಓದಲಿಲ್ಲ. ಓಟಿನ ವಾರದಲ್ಲಿ ಹೊರಗಿನಿಂದ ಬಂದ ಪೆಟ್ಟಿಗೆಯನ್ನು ನಮ್ಮ ಅಪ್ಪನೂ ಬಿಚ್ಚುತ್ತಿರಲಿಲ್ಲ. ಹಣ್ಣು ಬಹಳ ಚೆನ್ನಾಗಿದೆ ಎಂದು ಅವರಿಗೆ ತಿಳಿಸಿ."

ನನ್ನ ಪೆಟ್ಟಿಗೆಯಿಂದ ಏನೂ ಆಗಿರಲಿಲ್ಲ. ಒಂದು ಕ್ಷಣದ ಮೇಲೆ ಹೊಳೆಯಿತು.

"ಆದರೆ ಯಾವ ಕಡೆಗೆ ಹಾಕಿದ ಅಂತ ಬರೆದೇ ಇಲ್ಲವಲ್ಲ?"

"ಇಲ್ಲ," ಎಂದರು ಮದಾಂ. ಕಾಗದವನ್ನು ಅದರ ಮಡಿಕೆಯಲ್ಲೇ ಮಡಿಸಿದರು. "ಬರೆದಿದ್ದರೆ ನನಗೆ ಅನುಮಾನ ಬರುತ್ತಿತ್ತು."

ನಿಜವಾಗಿ ನಂಬಿದರೇ? ನನಗೆ ಆಗ ಗೊತ್ತಾಗಲಿಲ್ಲ. ಬೇಸಿಗೆಯಲ್ಲಿ ಅವರು ಊರಿಗೆ ಹೋದಾಗ ಕೋಣೆ ಮುಚ್ಚಿತ್ತಂತೆ, ಕಿಟಕಿಗೆ ಒಳಗಿನಿಂದ ಕಾಗದ ಅಂಟಿಸಿದ್ದರಂತೆ. ಅವನನ್ನು ಬೇಕರಿಯಲ್ಲಿ ಕಂಡರಂತೆ. "ಏನು ಮಾತಾಡಿದಿರಿ?" ಎಂದು ಕೇಳಿದೆ. "ಮಂಡಿಯ ವಿಷಯ," ಎಂದರು.

ಎರಡು ವರ್ಷ ಕಳೆದು ಅವರ ದೇಶದ ಅಧ್ಯಕ್ಷರ ಚುನಾವಣೆ ಬಂತು. ಮತ್ತೆ ರಾಯಭಾರ ಕಚೇರಿಗೆ ಹೋಗಬೇಕು. ಅವರ ಗಂಡನಿಗೆ ಡ್ಯೂಟಿ, ನನ್ನ ಗಂಡ ಕಾರಿನಲ್ಲಿ ಬಿಟ್ಟರು, ನಾನೂ ಜೊತೆಗೆ ಹೋದೆ. ಬಾವಿಯೂರಿನ ಇಬ್ಬರು ಹೆಂಗಸರು ಈ ಸಲ ತಾವೇ ಫೋನ್ ಮಾಡಿ, ನಿಮ್ಮ ಓಟು ನಾವು ಹಾಕುತ್ತೇವೆ ಎಂದಿದ್ದು ನನಗೆ ಗೊತ್ತಿತ್ತು. ಕೈಗಳು ಖಾಲಿ ಇದ್ದವು. ಕಾಯುವ ಬೆಂಚಿನ ಮೇಲೆ ಮದಾಂ ಅರ್ಜಿ ತುಂಬಿಸುವಾಗ ನಾನು ಇಣುಕಿದೆ. ಹೆಸರಿನ ಜಾಗದಲ್ಲಿ ಅವನ ಹೆಸರು.

"ಮತ್ತೆ ಅವನಿಗೇ?"

"ಮತ್ತೆ ಯಾರಿಗೆ?" ಎಂದು ಅವರು ನನ್ನನ್ನು ನೋ‌ಡಿದ ನೋಟದಲ್ಲಿ, ಇಷ್ಟು ಸಣ್ಣ ವಿಷಯ ಇವಳಿಗೆ ಇನ್ನೂ ತಿಳಿದಿಲ್ಲವೇ ಎಂಬ ಆಶ್ಚರ್ಯವಿತ್ತು. ಆ ವರ್ಷ ಅವರಿಬ್ಬರ ರಾಜಕೀಯವೂ ಬೇರೆ ಬೇರೆ ಎಂದು ಆಮೇಲೆ ಅವರೇ ಹೇಳಿದರು, ನಗುತ್ತ.

ಮರು ವರ್ಷ ಗಂಡ ನಿವೃತ್ತರಾಗಿ ಇಬ್ಬರೂ ಬಾವಿಯೂರಿಗೆ ಹೋದರು. ಹೊರಡುವ ದಿನ ಬೆಳಿಗ್ಗೆ ನಾನು ಎದ್ದು ಬಾಗಿಲು ತೆರೆದರೆ ಅವರು ಇಡೀ ಜಾಗವನ್ನು, ನನ್ನ ಹೊಸ್ತಿಲವರೆಗೂ, ಗುಡಿಸಿ ಮುಗಿಸಿದ್ದರು.

ಕಾಗದಗಳು ಬರುತ್ತಿದ್ದವು, ಆಮೇಲೆ ಅಕ್ಷರ ನಡುಗತೊಡಗಿತು, ಆಮೇಲೆ ನಿಂತವು. ಒಂದು ಮಧ್ಯಾಹ್ನ ಅವರ ಗಂಡನ ಫೋನು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮದಾಂ ಹೋಗಿ ಒಂದು ವಾರವಾಗಿತ್ತು. ಮನೆಯಲ್ಲೇ, ಬೆಳಿಗ್ಗೆ. ಸಾವನ್ನು ಬರೆಸಲು ಸೇತುವೆಯೂರಿನ ಆಫೀಸಿಗೆ ಹೋಗಬೇಕಿತ್ತು. ಆದರೆ ತನಗೆ ಕುರ್ಚಿಯಿಂದ ಏಳಲೇ ಆಗಲಿಲ್ಲ, ಎಂದರು. ಸುದ್ದಿ ತಿಳಿದು ಬಂದವರಲ್ಲಿ ಆ ಟ್ರಾಕ್ಟರಿನವನೂ ಇದ್ದ. ಯಾರೂ ಹೇಳದೆ, ಟೋಪಿ ತೆಗೆದು, "ನಾನು ಬರೆಸುತ್ತೇನೆ" ಎಂದನಂತೆ. ಆಮೇಲೆ ಗಂಡನಿಗೂ ಮನಸ್ಸು ತಡೆಯದೆ ಅವನ ಹಿಂದೆಯೇ ಹೋಗಿ, ಆಫೀಸಿನ ಬಾಗಿಲಲ್ಲಿ ನಿಂತರಂತೆ.

ಗುಮಾಸ್ತೆ ಹೊಸ ಹುಡುಗಿ. ಹುಟ್ಟಿದ ಊರು ಕೇಳಿದಳು. ಅವನು ಬಾವಿಯೂರಿನ ಹೆಸರನ್ನು ಮಾತ್ರ ಹೇಳಿದ, ಆ ಉದ್ದ ಹೆಸರನ್ನಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಅವಳು ಬರೆದದ್ದನ್ನು ಕನ್ನಡಕ ಹಾಕಿ ನೋಡಿದ. ಸೇತುವೆಯೂರಿನವನು. ಆಮೇಲೆ ಅವಳು, ಸಾವು ತಿಳಿಸುತ್ತಿರುವ ನೀವು ಅವರಿಗೆ ಏನಾಗಬೇಕು ಎಂದಳು.

"ಅವರ ಓಟು ಹಾಕುವವನು," ಎಂದನಂತೆ.

"ಅಂದರೆ ಸ್ನೇಹಿತ ಅಂತ ಬರೆಯಲೇ?"

"ಬೇಡ. ಅವಳು ಒಪ್ಪುವುದಿಲ್ಲ. ಓಟು ಹಾಕುವವನು ಅಂತಲೇ ಬರಿ."

ಹುಡುಗಿ ಅವನ ಮುಖವನ್ನೂ ಬಾಗಿಲಲ್ಲಿ ನಿಂತಿದ್ದ ಗಂಡನನ್ನೂ ನೋಡಿದಳು. ಆಮೇಲೆ ತಲೆ ತಗ್ಗಿಸಿ ಏನೋ ಬರೆದಳು. ಪುಸ್ತಕವನ್ನು ತಿರುಗಿಸಿ ಅವನ ಮುಂದೆ ಇಟ್ಟಳು. ಈ ಸಲ ಅವನು ಕನ್ನಡಕ ಹಾಕಲಿಲ್ಲ, ಓದಲೂ ಇಲ್ಲ. ಎಲ್ಲಿ ಎಂದು ಬೆರಳಿಟ್ಟು ಕೇಳಿ, ಸಹಿ ಹಾಕಿದ.